ಎಚ್.ಐ.ವಿ. ಹರಡುವ ಮಾರ್ಗಗಳು ಮತ್ತು ಏಡ್ಸ್ ರೋಗದ ಲಕ್ಷಣಗಳು

ರೋಗಗಳಿಗೆ ನಮ್ಮ ನಾಡಿನ ಜನರು ಇಟ್ಟಿರುವ ಹೆಸರುಗಳನ್ನು ಪರಿಶೀಲಿಸಿದರೆ ಒಂದು ಸಂಗತಿ ವ್ಯಕ್ತವಾಗುವುದು. ಕಣ್ಣು, ಉಗುರುಗಳು ಹಳದಿಗೆ ತಿರುಗಿದರೆ ಅದು ಅರಿಶಿನ ಕಾಮಾಲೆ. ದೇಹವು ದಿನದಿನಕ್ಕೆ ಸೊರಗಿದರೆ ಅದು ಕ್ಷಯ. ಮೈಯ ಒಂದು ಪಕ್ಕದಲ್ಲಿ ಹಾವು ಸುತ್ತಿದಂತೆ ಗುಳ್ಳೆಗಳೆದ್ದರೆ ಅದು ಸರ್ಪಸುತ್ತು. ಕಣ್ಣಿಗೆ ಕಾಣುವ ಲಕ್ಷಣವೇ ರೋಗದ ಹೆಸರಾಯಿತು, ಗುರುತೂ ಆಯಿತು. ಮೈಯನ್ನು ನೋಡಿ ರೋಗವನ್ನು ತಿಳಿಯಬಹುದೆಂಬ ನಂಬಿಕೆ ಈ ಹೆಸರುಗಳಲ್ಲಿಯೇ ಅಡಗಿದೆ. ಏಡ್ಸ್ ರೋಗದ ವಿಷಯದಲ್ಲಿ ಈ ನಂಬಿಕೆಯು ನಮಗೆ ದಾರಿ ತೋರಲಾರದು.

ಏಡ್ಸಿಗೆ ತನ್ನದೆಂದು ಹೇಳಬಹುದಾದ ಲಕ್ಷಣವೊಂದೂ ಇಲ್ಲ. ರೋಗಿಯಲ್ಲಿ ಕಾಣುವ ಜ್ವರ, ಕೆಮ್ಮು, ಭೇದಿ, ಹುಣ್ಣುಗಳೆಲ್ಲವೂ ಬೇರೆ ಬೇರೆ ರೋಗಗಳಿಗೆ ಸೇರಿದವು. ದೇಹದ ರೋಗರಕ್ಷಣಾಶಕ್ತಿಯು ಕುಗ್ಗಿದಾಗ ಅವು ಒಳನುಗ್ಗುವುವು. ಎರಡನೆಯದಾಗಿ, ವೈರಸ್ಸು ದೇಹವನ್ನು ಹೊಕ್ಕ ದಿನಕ್ಕೂ ಈ ಲಕ್ಷಣಗಳು ತಲೆದೋರುವ ದಿನಕ್ಕೂ ನಡುವೆ ಅನೇಕ ವರ್ಷಗಳ ಅಂತರವಿರುವುದು. ಆ ವರ್ಷಗಳಲ್ಲಿ ಸೋಂಕುಳ್ಳವನು ನೋಟಕ್ಕೆ ಪೂರ್ಣ ಆರೋಗ್ಯವಂತನಾಗಿರುವನು. ಈ ಎರಡು ಅಂಶಗಳನ್ನು ಗ್ರಹಿಸದವರು ಎರಡು ಬಗೆಯ ತಪ್ಪನ್ನು ಮಾಡುವರು: ಅಪಾಯವಿಲ್ಲದ ಕಡೆ ಭಯಪಡುವರು, ಅಪಾಯವಿರುವ ಕಡೆ ನಿರ್ಭಯರಾಗಿರುವರು. ರೋಗಿಯ ತಟ್ಟೆಯನ್ನು ಮುಟ್ಟಲು ಹೆದರುವವರೇ ಪರೀಕ್ಷೆಯಿಲ್ಲದೆ ಒಬ್ಬರ 'ಆರೋಗ್ಯವಂತ' ಮುಖವನ್ನು ನಂಬುವರು. ಸೋಂಕು ಯಾವ ಮಾರ್ಗಗಳಿಂದ ಹರಡುವುದು, ಯಾವುವುಗಳಿಂದ ಹರಡದು, ಲಕ್ಷಣಗಳ ನಿಜವಾದ ಅರ್ಥವೇನು ಎಂಬುದನ್ನು ಕಾಲೇಜಿನ ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

೧. ರೋಗದ ಶೋಧನೆ

೧೯೮೧ನೆಯ ಇಸವಿ ಜೂನ್ ೫ರಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಪ್ರಕಟವಾಯಿತು. ಲಾಸ್ ಏಂಜಲೀಸ್ ನಗರದಲ್ಲಿ ಐವರು ತರುಣರಿಗೆ ನ್ಯುಮೊಸಿಸ್ಟಿಸ್ ಎಂಬ ಅಪರೂಪದ ಶ್ವಾಸಕೋಶದ ಬೇನೆ ಬಂದಿದ್ದಿತು. ರೋಗರಕ್ಷಣಾಶಕ್ತಿ ತೀರ ಕುಗ್ಗಿದವರಲ್ಲಿ ಮಾತ್ರ ಕಾಣುವ ಈ ಬೇನೆ ಅದುವರೆಗೆ ಸುಸ್ಥಿತಿಯಲ್ಲಿದ್ದ ತರುಣರಿಗೆ ಬಂದುದೇಕೆಂಬ ಪ್ರಶ್ನೆಯಿಂದ ಶೋಧನೆ ಆರಂಭವಾಯಿತು. ೧೯೮೨ರಲ್ಲಿ ರೋಗಕ್ಕೆ ಏಡ್ಸ್ ಎಂಬ ಹೆಸರು ಬಂದಿತು. ಜನ್ಮತಃ ಇಲ್ಲದೆ ಅನಂತರ ಪಡೆದ ರೋಗರಕ್ಷಣಾನ್ಯೂನತೆಯ ಲಕ್ಷಣಸಮೂಹವೆಂದು ಅದರ ಅರ್ಥ. ೧೯೮೩ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮೊಂಟಾನ್ಯೆ ಅವರು ಕಾರಣಭೂತವಾದ ವೈರಸ್ಸನ್ನು ಪ್ರತ್ಯೇಕಿಸಿದರು. ೨೦೦೮ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಲಭಿಸಿತು. ವೈರಸ್ಸಿಗೆ ಎಚ್.ಐ.ವಿ. ಎಂಬ ಹೆಸರು ೧೯೮೬ರಲ್ಲಿ ಸ್ಥಿರಪಟ್ಟಿತು.

ಅದೇ ೧೯೮೬ರಲ್ಲಿ ಮದರಾಸು ವೈದ್ಯಕೀಯ ಕಾಲೇಜಿನ ಸುನೀತಿ ಸಾಲೋಮನ್ ಅವರ ಮಾರ್ಗದರ್ಶನದಲ್ಲಿ ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರು ಲೈಂಗಿಕ ವೃತ್ತಿಯ ಮಹಿಳೆಯರಿಂದ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಅವುಗಳನ್ನು ಪರೀಕ್ಷಿಸಿದಾಗ ಕೆಲವು ಮಾದರಿಗಳಲ್ಲಿ ಸೋಂಕು ಕಂಡುಬಂದಿತು. ಈ ರೋಗವು ಪರದೇಶಗಳದು, ನಮ್ಮಲ್ಲಿಗೆ ಬಾರದು ಎಂಬ ಅಂದಿನ ಭಾವನೆ ಒಬ್ಬ ವಿದ್ಯಾರ್ಥಿನಿಯ ಸಂಶೋಧನೆಯಿಂದ ಕುಸಿದುಬಿದ್ದಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸತಕ್ಕುದು. ಅನಂತರದ ವರ್ಷಗಳಲ್ಲಿ ಸೋಂಕು ಹೆಚ್ಚಾಗಿ ಕಂಡುಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಯಿತು. ಬೆಳಗಾವಿ, ಬಾಗಲಕೋಟೆ ಮೊದಲಾದ ಉತ್ತರದ ಜಿಲ್ಲೆಗಳು ಹೆಚ್ಚಿನ ಹೊರೆಯನ್ನು ಹೊತ್ತವು. ೨೦೨೩ರ ಅಂದಾಜಿನಂತೆ ಭಾರತದಲ್ಲಿ ಸೋಂಕುಳ್ಳವರ ಸಂಖ್ಯೆ ಸುಮಾರು ೨೫ ಲಕ್ಷ. ಪ್ರಪಂಚದಲ್ಲಿ ಸುಮಾರು ೪ ಕೋಟಿ.

೨. ವೈರಸ್ಸಿನ ಸ್ವರೂಪ

ಎಚ್.ಐ.ವಿ. ಕಣದ ವ್ಯಾಸವು ಒಂದು ಮಿಲಿಮೀಟರಿನ ಸುಮಾರು ಹತ್ತುಸಾವಿರದ ಒಂದು ಭಾಗ. ಹೊರಗೆ ಕೊಬ್ಬಿನ ತೆಳುವಾದ ಹೊದಿಕೆ; ಅದರ ಮೇಲೆ ಪ್ರೋಟೀನಿನ ಮೊಳೆಗಳು; ಒಳಗೆ ಆರ್.ಎನ್.ಎ.ಯ ಎರಡು ಎಳೆಗಳು ಮತ್ತು ಕೆಲವು ಕಿಣ್ವಗಳು. ಇದು ಸ್ವತಂತ್ರವಾಗಿ ಬೆಳೆಯಲಾರದು. ಇದಕ್ಕೆ ಜೀವಂತವಾದ ಕೋಶ ಬೇಕು, ಅದೂ ಎಂಥ ಕೋಶವೆಂದರೆ ಮೇಲ್ಮೈಯಲ್ಲಿ ಸಿಡಿ೪ ಎಂಬ ಪ್ರೋಟೀನುಳ್ಳ ಕೋಶ. ಬಿಳಿಯ ರಕ್ತಕಣಗಳಲ್ಲಿ ಒಂದು ವರ್ಗಕ್ಕೆ ಈ ಪ್ರೋಟೀನು ಇದೆ. ರೋಗಾಣುಗಳು ದೇಹವನ್ನು ಹೊಕ್ಕಾಗ ಇತರ ರಕ್ಷಕಕಣಗಳನ್ನು ಕಾರ್ಯಕ್ಕೆ ಪ್ರೇರಿಸುವುದೇ ಈ ಸಿಡಿ೪ ಕಣಗಳ ಕೆಲಸ. ವೈರಸ್ಸು ನಾಶಮಾಡುವುದು ಇವುಗಳನ್ನೇ.

ವೈರಸ್ಸಿನ ಮೊಳೆಯು ಸಿಡಿ೪ಕ್ಕೂ ಅದರ ಪಕ್ಕದ ಮತ್ತೊಂದು ಪ್ರೋಟೀನಿಗೂ ಅಂಟಿಕೊಂಡ ಮೇಲೆ ಹೊದಿಕೆಯು ಕೋಶದ ಪೊರೆಯೊಡನೆ ಬೆರೆಯುವುದು. ಒಳಗಿನ ಪದಾರ್ಥವು ಕೋಶದೊಳಕ್ಕೆ ಇಳಿಯುವುದು. ಅಲ್ಲಿ ವೈರಸ್ಸಿನ ಒಂದು ಕಿಣ್ವವು ಆರ್.ಎನ್.ಎ.ಯನ್ನು ನೋಡಿ ಡಿ.ಎನ್.ಎ.ಯನ್ನು ರಚಿಸುವುದು. ಜೀವಕೋಶಗಳಲ್ಲಿ ಸಾಮಾನ್ಯವಾಗಿ ನಡೆಯುವ ಕ್ರಮಕ್ಕೆ ಇದು ವಿಪರ್ಯಯ. ಮತ್ತೊಂದು ಕಿಣ್ವವು ಈ ಡಿ.ಎನ್.ಎ.ಯನ್ನು ಮನುಷ್ಯಕೋಶದ ಡಿ.ಎನ್.ಎ.ಯೊಳಗೆ ಸೇರಿಸಿ ಹೆಣೆಯುವುದು. ಅಂದಿನಿಂದ ಆ ಕೋಶವು ಹೊಸ ವೈರಸ್ಸುಗಳನ್ನು ತಯಾರಿಸುವುದು, ಇಲ್ಲವೆ ಮೌನವಾಗಿ ಉಳಿದು ತನ್ನೊಳಗಿನ ಬೀಜವನ್ನು ಕಾಪಾಡುವುದು. ಸೋಂಕು ಆಜೀವವಾಗಿ ಉಳಿಯಲು ಈ ಮೌನಕೋಶಗಳೇ ಕಾರಣ.

೩. ಸೋಂಕು ಹರಡುವ ಮಾರ್ಗಗಳು

ಮೇಲಿನ ವಿವರಣೆಯಿಂದ ಹರಡುವಿಕೆಗೆ ಬೇಕಾದ ನಿಯಮಗಳನ್ನು ಊಹಿಸಬಹುದು. ಮೊದಲನೆಯದಾಗಿ, ವೈರಸ್ಸು ಸಾಕಷ್ಟು ಪ್ರಮಾಣದಲ್ಲಿರುವ ದೇಹದ್ರವವಿರಬೇಕು. ರಕ್ತ, ವೀರ್ಯ ಮತ್ತು ಅದಕ್ಕೆ ಮುಂಚೆ ಬರುವ ದ್ರವ, ಯೋನಿ ಮತ್ತು ಗುದದ್ವಾರದ ದ್ರವಗಳು, ಎದೆಹಾಲು, ಇವು ಅಂಥವು. ಎರಡನೆಯದಾಗಿ, ಆ ದ್ರವವು ಮತ್ತೊಬ್ಬರ ರಕ್ತವನ್ನಾಗಲಿ, ಒಳಗಿನ ತೇವದ ತೆಳುಪೊರೆಯನ್ನಾಗಲಿ, ಗಾಯವನ್ನಾಗಲಿ ಸೇರಬೇಕು. ಮೂರನೆಯದಾಗಿ, ವೈರಸ್ಸು ಆ ವೇಳೆಗೆ ಕೆಡದೆ ಉಳಿದಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಸೋಂಕು ಉಂಟಾಗದು. ಈ ಕಾರಣದಿಂದಲೇ ಮಾರ್ಗಗಳು ಮೂರಕ್ಕೆ ಸೀಮಿತವಾಗಿವೆ: ಲೈಂಗಿಕ ಸಂಪರ್ಕ, ರಕ್ತ, ಮತ್ತು ತಾಯಿಯಿಂದ ಮಗು.

ಲೈಂಗಿಕ ಸಂಪರ್ಕ: ಭಾರತದಲ್ಲಿ ಬಹುಪಾಲು ಸೋಂಕು ಸ್ತ್ರೀಪುರುಷರ ಅಸುರಕ್ಷಿತ ಸಂಪರ್ಕದಿಂದ ಹರಡಿದೆ. ಚಿಕಿತ್ಸೆ ಪಡೆಯದ ಸೋಂಕುಳ್ಳ ಪುರುಷನೊಡನೆ ಯೋನಿಸಂಪರ್ಕವಾದಲ್ಲಿ ಸ್ತ್ರೀಗೆ ಸೋಂಕು ತಗಲುವ ಸಂಭವವು ಹತ್ತುಸಾವಿರ ಸಲಕ್ಕೆ ಸುಮಾರು ೮. ಸೋಂಕುಳ್ಳ ಸ್ತ್ರೀಯಿಂದ ಪುರುಷನಿಗೆ ಸುಮಾರು ೪. ಗುದಸಂಪರ್ಕದಲ್ಲಿ ಸ್ವೀಕರಿಸುವವರಿಗೆ ಇದು ಸುಮಾರು ೧೩೮. ಅಲ್ಲಿನ ಪೊರೆ ಅತ್ಯಂತ ತೆಳುವಾದುದೇ ಇದಕ್ಕೆ ಕಾರಣ. ಈ ಅಂಕಿಗಳು ಚಿಕ್ಕವೆಂದು ಯಾರೂ ನಿಶ್ಚಿಂತರಾಗಲಾಗದು. ಹತ್ತುಸಾವಿರಕ್ಕೆ ೮ ಎಂಬ ಸಂಭವವೇ ನೂರು ಸಂಪರ್ಕಗಳಾಗುವ ವೇಳೆಗೆ ನೂರಕ್ಕೆ ಸುಮಾರು ೮ರಷ್ಟಾಗುವುದು. ಇವು ಸರಾಸರಿಗಳೆಂಬುದನ್ನೂ ನೆನಪಿಡಬೇಕು. ಸೋಂಕು ತಗಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ಸು ಅತಿಯಾಗಿರುವುದರಿಂದ ಅಪಾಯವು ಬಹುಮಟ್ಟಿಗೆ ಹೆಚ್ಚುವುದು. ಜನನಾಂಗದಲ್ಲಿ ಹುಣ್ಣುಗಳಿದ್ದರೂ ಹೆಚ್ಚುವುದು. ನಿರೋಧನ್ನು ತಪ್ಪದೆ, ಸರಿಯಾಗಿ ಬಳಸಿದರೆ ಬಹಳ ಮಟ್ಟಿಗೆ ತಗ್ಗುವುದು.

ಇಲ್ಲಿ ನಮ್ಮ ಸಮಾಜದಲ್ಲಿ ಪದೇ ಪದೇ ನಡೆಯುವ ಒಂದು ಅನ್ಯಾಯವನ್ನು ಹೇಳದೆ ಬಿಡಲಾಗದು. ಗರ್ಭಿಣಿಯರಿಗೆ ಪರೀಕ್ಷೆಯು ಸಾಮಾನ್ಯವಾಗಿ ನಡೆಯುವುದರಿಂದ ಎಷ್ಟೋ ಸಂಸಾರಗಳಲ್ಲಿ ಸೋಂಕು ಮೊದಲು ಪತ್ತೆಯಾಗುವುದು ಹೆಂಡತಿಯಲ್ಲಿ. ಮೊದಲು ಪತ್ತೆಯಾದವಳೇ ಮೊದಲು ಸೋಂಕು ತಂದವಳೆಂದು ಮನೆಯವರು ತೀರ್ಮಾನಿಸುವರು. ಇದು ತರ್ಕದೋಷ. ಪತ್ತೆಯ ಕ್ರಮವು ಸೋಂಕಿನ ಕ್ರಮವಲ್ಲ. ಗಂಡನ ಹೊರತು ಬೇರಾರ ಸಂಪರ್ಕವನ್ನೂ ಅರಿಯದ ಅಸಂಖ್ಯ ಸ್ತ್ರೀಯರಿಗೆ ಈ ದೇಶದಲ್ಲಿ ಸೋಂಕು ತಗಲಿದೆ.

ರಕ್ತ: ಸೋಂಕುಳ್ಳ ರಕ್ತವನ್ನು ಪೂರಣ ಮಾಡಿದಾಗ ಸೋಂಕು ತಗಲುವ ಸಂಭವವು ಹತ್ತುಸಾವಿರಕ್ಕೆ ೯,೨೫೦, ಅಂದರೆ ಬಹುತೇಕ ನಿಶ್ಚಿತ. ಭಾರತದಲ್ಲಿ ದಾನದ ರಕ್ತಕ್ಕೆಲ್ಲ ಎಚ್.ಐ.ವಿ. ಪರೀಕ್ಷೆಯನ್ನು ೧೯೮೯ರಲ್ಲಿ ಕಡ್ಡಾಯ ಮಾಡಲಾಯಿತು. ಸರ್ವೋಚ್ಚ ನ್ಯಾಯಾಲಯದ ೧೯೯೬ರ ತೀರ್ಪಿನ ಫಲವಾಗಿ ಹಣಕ್ಕಾಗಿ ರಕ್ತ ಮಾರುವ ಪದ್ಧತಿಯನ್ನು ೧೯೯೮ರ ಜನವರಿಯಿಂದ ನಿಷೇಧಿಸಲಾಯಿತು. ರಕ್ತದಾನ ಮಾಡುವವರಿಗಾದರೋ ಯಾವ ಅಪಾಯವೂ ಇಲ್ಲ. ಪ್ರತಿ ದಾನಿಗೂ ಹೊಸ ಸೂಜಿಯನ್ನೇ ಬಳಸುವರು. ಮಾದಕದ್ರವ್ಯವನ್ನು ಚುಚ್ಚಿಕೊಳ್ಳುವವರು ಒಂದೇ ಸೂಜಿಯನ್ನು ಹಂಚಿಕೊಂಡಾಗ ಸಂಭವವು ಹತ್ತುಸಾವಿರಕ್ಕೆ ಸುಮಾರು ೬೩. ಮಣಿಪುರ, ನಾಗಾಲ್ಯಾಂಡ್, ಮಿಜೋರಂಗಳಲ್ಲಿ ಇದು ಮುಖ್ಯ ಮಾರ್ಗಗಳಲ್ಲೊಂದಾಯಿತು. ಆಸ್ಪತ್ರೆಯ ಸಿಬ್ಬಂದಿಗೆ ರೋಗಿಗೆ ಬಳಸಿದ ಸೂಜಿ ಆಕಸ್ಮಿಕವಾಗಿ ಚುಚ್ಚಿದಾಗ ಸುಮಾರು ೨೩, ಅಂದರೆ ನೂರಕ್ಕೆ ಕಾಲು ಪಾಲಿಗೂ ಕಡಿಮೆ. ಲಸಿಕೆ ಪಡೆಯದವರಿಗೆ ಇದೇ ರೀತಿ ಚುಚ್ಚಿದ ಸೂಜಿಯಿಂದ ಹೆಪಟೈಟಿಸ್-ಬಿ ತಗಲುವ ಸಂಭವವು ನೂರಕ್ಕೆ ೬ರಿಂದ ೩೦ರವರೆಗೂ ಇರುವುದು. ಇವೆರಡನ್ನು ಹೋಲಿಸಿದರೆ ಎಚ್.ಐ.ವಿ. ಎಷ್ಟು ದುರ್ಬಲವಾದ ಪ್ರಯಾಣಿಕನೆಂಬುದು ತಿಳಿಯುವುದು.

ತಾಯಿಯಿಂದ ಮಗು: ಗರ್ಭದಲ್ಲಿ, ಹೆರಿಗೆಯಲ್ಲಿ ಮತ್ತು ಎದೆಹಾಲಿನಲ್ಲಿ ಸೋಂಕು ಮಗುವಿಗೆ ದಾಟಬಹುದು. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ನೂರರಲ್ಲಿ ೧೫ರಿಂದ ೪೫ ಮಕ್ಕಳಿಗೆ ಹೀಗಾಗುವುದು. ತಾಯಿಗೂ ನವಜಾತ ಶಿಶುವಿಗೂ ಔಷಧವನ್ನು ಕಾಲಕ್ಕೆ ಸರಿಯಾಗಿ ಕೊಟ್ಟರೆ ಇದು ೫ಕ್ಕಿಂತ ಕೆಳಗಿಳಿಯುವುದು. ಗರ್ಭಿಣಿಯ ಪರೀಕ್ಷೆಯು ಆಕೆಯ ದೋಷವನ್ನು ಹುಡುಕುವ ಕ್ರಮವಲ್ಲ, ಮಗುವನ್ನು ಉಳಿಸುವ ಕ್ರಮವೆಂಬುದು ಇದರಿಂದ ಸ್ಪಷ್ಟ.

೪. ಹರಡದಿರುವ ಸಂದರ್ಭಗಳು

ಒಟ್ಟಿಗೆ ಊಟ ಮಾಡುವುದು, ಒಂದೇ ಲೋಟದಲ್ಲಿ ನೀರು ಕುಡಿಯುವುದು, ಕೈಕುಲುಕುವುದು, ಅಪ್ಪಿಕೊಳ್ಳುವುದು, ಒಂದೇ ಶೌಚಾಲಯವನ್ನು ಬಳಸುವುದು, ಒಂದೇ ಬೆಂಚಿನ ಮೇಲೆ ಕುಳಿತು ಪಾಠ ಕೇಳುವುದು, ವಿದ್ಯಾರ್ಥಿನಿಲಯದಲ್ಲಿ ಒಂದೇ ಕೊಠಡಿಯಲ್ಲಿ ವಾಸಿಸುವುದು, ಇವಾವುವುಗಳಿಂದಲೂ ಎಚ್.ಐ.ವಿ. ಹರಡದು. ಇದನ್ನು ಬರಿಯ ಸಮಾಧಾನದ ಮಾತೆಂದು ತಿಳಿಯಬಾರದು, ಇದಕ್ಕೆ ಕಾರಣಗಳಿವೆ. ಬೆವರು, ಕಣ್ಣೀರು, ಉಗುಳುಗಳಲ್ಲಿ ಸೋಂಕು ಹರಡುವಷ್ಟು ವೈರಸ್ಸು ಇರದು. ಉಗುಳಿನಲ್ಲಿ ವೈರಸ್ಸನ್ನು ತಡೆಯುವ ಪದಾರ್ಥಗಳೂ ಇವೆ. ವೈರಸ್ಸಿನ ಹೊದಿಕೆಯು ಕೊಬ್ಬಿನಿಂದಾದುದರಿಂದ ಸಾಬೂನು ಅದನ್ನು ಕರಗಿಸಿಬಿಡುವುದು. ದೇಹದ ಹೊರಗೆ, ದ್ರವವು ಒಣಗಿದಂತೆ, ಅದು ಬೇಗನೆ ಶಕ್ತಿಗುಂದುವುದು. ಗಾಯವಿಲ್ಲದ ಚರ್ಮವನ್ನು ಭೇದಿಸುವ ಶಕ್ತಿಯಂತೂ ಅದಕ್ಕಿಲ್ಲ.

ಸೊಳ್ಳೆಯ ವಿಷಯದಲ್ಲಿ ವಿದ್ಯಾರ್ಥಿಗಳು ಆಗಾಗ ಪ್ರಶ್ನಿಸುವರು. ಮಲೇರಿಯವನ್ನು ಹರಡುವ ಸೊಳ್ಳೆ ಇದನ್ನೇಕೆ ಹರಡದು? ಮಲೇರಿಯದ ಪರೋಪಜೀವಿಯು ಸೊಳ್ಳೆಯ ದೇಹದಲ್ಲಿ ಬೆಳೆದು ಅದರ ಜೊಲ್ಲುಗ್ರಂಥಿಗಳನ್ನು ಸೇರುವುದು. ಎಚ್.ಐ.ವಿ.ಗೆ ಬೇಕಾದ ಸಿಡಿ೪ ಕೋಶಗಳು ಸೊಳ್ಳೆಯಲ್ಲಿಲ್ಲ. ಆದಕಾರಣ ಅಲ್ಲಿ ಅದು ಬೆಳೆಯಲಾರದೆ ಹೀರಿದ ರಕ್ತದೊಡನೆ ಜೀರ್ಣವಾಗಿ ಹೋಗುವುದು. ಸೊಳ್ಳೆಯು ಕಚ್ಚುವಾಗ ಒಳಬಿಡುವುದು ತನ್ನ ಜೊಲ್ಲನ್ನೇ ಹೊರತು ಹಿಂದೆ ಹೀರಿದ ರಕ್ತವನ್ನಲ್ಲ.

೫. ಸೋಂಕಿನ ಹಂತಗಳು ಮತ್ತು ಲಕ್ಷಣಗಳು

ಎಚ್.ಐ.ವಿ. ಸೋಂಕು ಬೇರೆ, ಏಡ್ಸ್ ಬೇರೆ. ಏಡ್ಸ್ ಎಂಬುದು ಚಿಕಿತ್ಸೆಯಿಲ್ಲದೆ ಮುಂದುವರಿದ ಸೋಂಕಿನ ಕೊನೆಯ ಹಂತ.

ಮೊದಲ ಹಂತವು ಸೋಂಕು ತಗಲಿದ ಎರಡರಿಂದ ನಾಲ್ಕು ವಾರಗಳಲ್ಲಿ ತೋರುವುದು. ಜ್ವರ, ಗಂಟಲುನೋವು, ಮೈಮೇಲೆ ಕೆಂಪು ದದ್ದು, ಕುತ್ತಿಗೆ ಮತ್ತು ಕಂಕುಳಿನಲ್ಲಿ ಗ್ರಂಥಿಗಳ ಊತ, ಮೈಕೈನೋವು ಇವು ಕಾಣಬಹುದು. ಒಂದೆರಡು ವಾರಗಳಲ್ಲಿ ಎಲ್ಲವೂ ತಾವಾಗಿಯೇ ಅಡಗುವುವು. ಮಾಮೂಲು ಜ್ವರವೆಂದೇ ರೋಗಿಯು ತಿಳಿಯುವನು. ಅನೇಕರಿಗೆ ಇಷ್ಟೂ ತೋರದು.

ಎರಡನೆಯದು ಮೌನದ ಹಂತ. ಚಿಕಿತ್ಸೆಯಿಲ್ಲದಿದ್ದರೂ ಸರಾಸರಿ ಎಂಟು ಹತ್ತು ವರ್ಷಗಳ ಕಾಲ ಇದು ಮುಂದುವರಿಯುವುದು. ಹೊರಗೆ ಮೌನವಿದ್ದರೂ ಒಳಗೆ ವಿಶ್ರಾಂತಿಯಿಲ್ಲ. ದಿನವೊಂದಕ್ಕೆ ನೂರಾರು ಕೋಟಿ ಹೊಸ ವೈರಸ್ ಕಣಗಳು ಹುಟ್ಟುವುವು. ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ೫೦೦ರಿಂದ ೧,೫೦೦ ಸಿಡಿ೪ ಕಣಗಳಿರುವುವು. ಸೋಂಕುಳ್ಳವರಲ್ಲಿ ಇವು ವರ್ಷಕ್ಕೆ ಸುಮಾರು ೫೦ರಿಂದ ೧೦೦ರಷ್ಟು ಇಳಿಯುತ್ತ ಬರುವುವು. ಈ ಅವಧಿಯಲ್ಲಿ ಸೋಂಕುಳ್ಳವನು ದುಡಿಯುವನು, ಓದುವನು, ಮದುವೆಯಾಗುವನು. ತನಗೆ ಅರಿವಿಲ್ಲದೆಯೇ ಇತರರಿಗೆ ಸೋಂಕನ್ನು ದಾಟಿಸಬಲ್ಲನು.

ಕಣಗಳ ಸಂಖ್ಯೆ ತಗ್ಗಿದಂತೆ ಸಣ್ಣಪುಟ್ಟ ಸೂಚನೆಗಳು ತೋರುವುವು: ತೂಕದಲ್ಲಿ ಇಳಿತ, ಮರುಕಳಿಸುವ ಬಾಯಿಹುಣ್ಣು, ತಾರುಣ್ಯದಲ್ಲಿಯೇ ಸರ್ಪಸುತ್ತು. ಅನಂತರ ದೇಹದ ತೂಕದಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚಿನ ನಷ್ಟ, ತಿಂಗಳಿಗೂ ಮೀರಿದ ಜ್ವರ, ತಿಂಗಳಿಗೂ ಮೀರಿದ ಭೇದಿ, ನಾಲಗೆ ಅಂಗುಳುಗಳ ಮೇಲೆ ಹಾಲಿನ ಕೆನೆಯಂತಹ ಬಿಳಿಯ ಪದರ ಕಾಣುವುವು. ಈ ಪದರವು ಕ್ಯಾಂಡಿಡಾ ಎಂಬ ಶಿಲೀಂಧ್ರದ ಬೆಳವಣಿಗೆ.

ಸಿಡಿ೪ ಕಣಗಳು ೨೦೦ಕ್ಕಿಂತ ಕೆಳಗಿಳಿದರೆ, ಅಥವಾ ಕೆಲವು ನಿರ್ದಿಷ್ಟ ರೋಗಗಳು ತಲೆದೋರಿದರೆ, ಆ ಹಂತವನ್ನು ಏಡ್ಸ್ ಎನ್ನುವರು. ೧೯೮೧ರ ಐವರು ತರುಣರಲ್ಲಿ ಕಂಡ ನ್ಯುಮೊಸಿಸ್ಟಿಸ್ ಬೇನೆ ಇಲ್ಲಿ ಬರುವುದು. ಒಣಕೆಮ್ಮು ಮತ್ತು ನಡೆದರೆ ಏದುಸಿರು ಅದರ ಚಿಹ್ನೆಗಳು. ಕಣಗಳು ೧೦೦ಕ್ಕೂ ಇಳಿದಾಗ ಕ್ರಿಪ್ಟೊಕಾಕಸ್ ಶಿಲೀಂಧ್ರವು ಮಿದುಳಿನ ಪೊರೆಯನ್ನು ಆಕ್ರಮಿಸಿ ತೀವ್ರ ತಲೆನೋವನ್ನು ತರುವುದು. ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿಯು ಮಿದುಳಿನಲ್ಲಿ ಗಂಟುಗಳನ್ನುಂಟುಮಾಡುವುದು. ೫೦ಕ್ಕೂ ಇಳಿದಾಗ ಸೈಟೊಮೆಗಲೊ ವೈರಸ್ಸು ಕಣ್ಣಿನ ಅಕ್ಷಿಪಟಲವನ್ನು ಕೆಡಿಸಿ ದೃಷ್ಟಿಯನ್ನೇ ಕಸಿಯಬಹುದು. ಕಪೋಸಿ ಸಾರ್ಕೋಮ ಮೊದಲಾದ ಕೆಲವು ಅರ್ಬುದಗಳೂ ಈ ಹಂತಕ್ಕೆ ಸೇರಿದುವು.

ಭಾರತದಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಕ್ಷಯ. ಇದಕ್ಕೆ ಕಣಗಳು ಇಷ್ಟೇ ಇಳಿಯಬೇಕೆಂಬ ನಿಯಮವಿಲ್ಲ. ಕ್ಷಯದ ರೋಗಾಣುವು ದೇಹದಲ್ಲಿ ಅಡಗಿರುವ ಸಾಮಾನ್ಯನಿಗೆ ಜೀವಮಾನದಲ್ಲಿ ಕ್ಷಯ ಪ್ರಕಟವಾಗುವ ಸಂಭವವು ನೂರಕ್ಕೆ ೫ರಿಂದ ೧೦, ಎಚ್.ಐ.ವಿ.ಯೂ ಇದ್ದು ಚಿಕಿತ್ಸೆಯಿಲ್ಲದಿದ್ದರೆ ವರ್ಷವೊಂದಕ್ಕೇ ಹೆಚ್ಚುಕಡಿಮೆ ಅಷ್ಟಾಗುವುದು. ಆದರೂ ಕ್ಷಯವಿದ್ದವರಿಗೆಲ್ಲ ಎಚ್.ಐ.ವಿ. ಇರುವುದೆಂದಲ್ಲ, ಬಹುಮಂದಿಗೆ ಇರದು. ೧೯೮೦ರ ದಶಕದಲ್ಲಿ ಯುಗಾಂಡದ ಜನರು, ರೋಗಿಗಳು ಸೊರಗುವುದನ್ನು ಕಂಡು, ಏಡ್ಸನ್ನು ತೆಳ್ಳಗಾಗುವ ರೋಗವೆಂದೇ ಕರೆದರು. ನಮ್ಮ ಹಿರಿಯರು ಕ್ಷಯಕ್ಕೆ ಹೆಸರಿಟ್ಟ ಬಗೆಯೂ ಇದೇ. ಆದರೆ ಸೊರಗಿದವರೆಲ್ಲ ಏಡ್ಸ್ ರೋಗಿಗಳಲ್ಲ. ಸೋಂಕುಳ್ಳವರೆಲ್ಲ ಸೊರಗಿದವರೂ ಅಲ್ಲ.

೬. ಪರೀಕ್ಷೆ ಮತ್ತು ಚಿಕಿತ್ಸೆ

ಹೀಗಿರುವಲ್ಲಿ ಸೋಂಕನ್ನು ತಿಳಿಯುವ ಸಾಧನವು ಪರೀಕ್ಷೆಯೊಂದೇ. ಸಾಮಾನ್ಯ ಪರೀಕ್ಷೆಯು ವೈರಸ್ಸಿನ ವಿರುದ್ಧ ದೇಹವು ತಯಾರಿಸುವ ಪ್ರತಿವಿಷಗಳನ್ನು ಗುರುತಿಸುವುದು. ಅವು ಸಾಕಷ್ಟು ತಯಾರಾಗಲು ಮೂರು ವಾರಗಳಿಂದ ಮೂರು ತಿಂಗಳವರೆಗೆ ಬೇಕಾಗುವುದು. ಈ ಅವಧಿಯಲ್ಲಿ ಸೋಂಕಿದ್ದರೂ ಪರೀಕ್ಷೆಯು 'ಇಲ್ಲ' ಎನ್ನಬಹುದು. ಆದಕಾರಣ ಶಂಕೆಯುಳ್ಳವರು ಅವಧಿ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿಕೊಳ್ಳತಕ್ಕುದು. 'ಇದೆ' ಎಂದು ನಿರ್ಧರಿಸುವ ಮುನ್ನ ನಮ್ಮ ದೇಶದ ಸರಕಾರಿ ಕೇಂದ್ರಗಳಲ್ಲಿ ಮೂರು ಬೇರೆ ಬೇರೆ ಪರೀಕ್ಷೆಗಳನ್ನು ನಡೆಸುವರು.

ಸೋಂಕನ್ನು ದೇಹದಿಂದ ಪೂರ್ಣವಾಗಿ ತೊಡೆದುಹಾಕುವ ಸಾಮಾನ್ಯ ಚಿಕಿತ್ಸೆ ಇನ್ನೂ ದೊರೆತಿಲ್ಲ. ಆದರೆ ೧೯೯೬ರಿಂದ ಬಳಕೆಗೆ ಬಂದ ಸಂಯುಕ್ತ ಔಷಧಗಳು ರೋಗದ ಗತಿಯನ್ನೇ ಬದಲಿಸಿವೆ. ವೈರಸ್ಸಿನ ಕಿಣ್ವಗಳನ್ನು ತಡೆಯುವ ಈ ಔಷಧಗಳನ್ನು ದಿನವೂ ತಪ್ಪದೆ ಸೇವಿಸಿದರೆ ಸಿಡಿ೪ ಕಣಗಳು ಮತ್ತೆ ಏರುವುವು. ಬೇಗನೆ ಆರಂಭಿಸಿದವರು ಇತರರಂತೆಯೇ ದೀರ್ಘಕಾಲ ಬಾಳುವರು. ಭಾರತದಲ್ಲಿ ೨೦೦೪ರ ಏಪ್ರಿಲ್‌ನಿಂದ ಸರಕಾರವು ಇವನ್ನು ಉಚಿತವಾಗಿ ಒದಗಿಸುತ್ತಿದೆ. ಅಪಾಯದ ಸಂಪರ್ಕವಾದ ೭೨ ಗಂಟೆಗಳೊಳಗೆ ಔಷಧವನ್ನಾರಂಭಿಸಿ ೨೮ ದಿನ ಸೇವಿಸಿದರೆ ಸೋಂಕು ನೆಲೆಗೊಳ್ಳದಂತೆ ಬಹುಮಟ್ಟಿಗೆ ತಡೆಯಲೂಬಹುದು.

ಚಿಕಿತ್ಸೆಯಿಂದ ರಕ್ತದಲ್ಲಿನ ವೈರಸ್ಸು ಪರೀಕ್ಷೆಗೆ ಸಿಕ್ಕದಷ್ಟು ಕಡಿಮೆಯಾಗಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡದೆಂಬುದೂ ಸಿದ್ಧಪಟ್ಟಿದೆ. ಯುರೋಪಿನಲ್ಲಿ ೭೮೨ ಪುರುಷ ಜೋಡಿಗಳನ್ನು ಕುರಿತು ನಡೆದು ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿರೋಧ್ ಇಲ್ಲದ ೭೬,೦೦೦ಕ್ಕೂ ಹೆಚ್ಚಿನ ಸಂಪರ್ಕಗಳಾದರೂ, ಸಂಗಾತಿಯಿಂದ ಸಂಗಾತಿಗೆ ಒಂದು ಸೋಂಕೂ ದಾಟಲಿಲ್ಲ. ರೋಗಿಯ ಚಿಕಿತ್ಸೆಯೇ ಸಮಾಜದ ರಕ್ಷಣೆಯೂ ಆಗಿದೆಯೆಂದು ಇದರಿಂದ ಹೇಳಬಹುದಾಗಿದೆ.

೭. ಉಪಸಂಹಾರ

ಮೇಲ್ಕಂಡ ವಿವೇಚನೆಯಿಂದ ನಾವು ತಲುಪುವ ನಿರ್ಣಯವು ಸರಳವಾದುದು. ಸೋಂಕಿನ ಮಾರ್ಗಗಳು ಕೆಲವೇ, ಅವು ನಿಶ್ಚಿತವಾದವು. ಅವುಗಳಿಂದ ಪಾರಾಗುವ ಉಪಾಯಗಳೂ ನಿಶ್ಚಿತವಾದವು. ಲಕ್ಷಣಗಳಾದರೋ ಅನಿಶ್ಚಿತ, ವಿಳಂಬವಾದವು, ಅನ್ಯರೋಗಗಳಿಂದ ಎರವಲು ಬಂದವು. ಆದ್ದರಿಂದ ಮುಖವನ್ನು ನೋಡಿ ಯಾರನ್ನೂ ದೂರವಿಡಲು ಕಾರಣವಿಲ್ಲ. ಮುಖವನ್ನು ನೋಡಿ ಯಾರನ್ನೂ ಪರೀಕ್ಷೆಯಿಂದ ವಿನಾಯಿತಿಗೊಳಿಸಲೂ ಕಾರಣವಿಲ್ಲ, ನಮ್ಮನ್ನು ನಾವೂ ಸಹ.

ಭಯದಿಂದ ಆಗುವ ಹಾನಿ ವೈರಸ್ಸಿನಿಂದ ಆಗುವ ಹಾನಿಗೆ ಸೇರಿಕೊಳ್ಳುವುದು. ಬಹಿಷ್ಕಾರಕ್ಕೆ ಅಂಜಿದವನು ಪರೀಕ್ಷೆಗೆ ಹೋಗನು, ಪರೀಕ್ಷೆಯಾಗದವನಿಗೆ ಔಷಧವಿಲ್ಲ, ಔಷಧವಿಲ್ಲದವನಲ್ಲಿ ವೈರಸ್ಸು ಬೆಳೆದು ಇತರರಿಗೂ ದಾಟುವುದು. ೨೦೧೭ರಲ್ಲಿ ಅಂಗೀಕೃತವಾಗಿ ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಗೆ ಬಂದ ಕಾನೂನು, ಸೋಂಕುಳ್ಳವರನ್ನು ಶಿಕ್ಷಣ, ಉದ್ಯೋಗ, ವೈದ್ಯೋಪಚಾರ, ವಸತಿಗಳಲ್ಲಿ ಬೇರೆಯಾಗಿ ಕಾಣುವುದನ್ನು ನಿಷೇಧಿಸಿದೆ. ಸಮ್ಮತಿಯಿಲ್ಲದೆ ಪರೀಕ್ಷಿಸುವುದನ್ನೂ ಒಬ್ಬರ ಸೋಂಕಿನ ಸಂಗತಿಯನ್ನು ಬಯಲುಮಾಡುವುದನ್ನೂ ತಡೆದಿದೆ. ಸೋಂಕುಳ್ಳ ವಿದ್ಯಾರ್ಥಿಯೊಬ್ಬನು ತರಗತಿಯಲ್ಲಿರುವುದರಿಂದ ಯಾರಿಗೂ ಅಪಾಯವಿಲ್ಲ. ಅವನನ್ನು ತರಗತಿಯಿಂದ ಹೊರಗಿಡುವುದರಿಂದ ಅಪಾಯವು ಹೆಚ್ಚುವುದು. ಈ ಸಂಗತಿಯನ್ನು ನಮ್ಮ ಅಧ್ಯಾಪಕರು ಪಾಠದ ಅವಧಿಯಲ್ಲಿ ಸಂಕೋಚವಿಲ್ಲದೆ ವಿವರಿಸುವರೆಂದೂ, ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಗೆ ಮರಳಿದಾಗ ಅದನ್ನು ಮನೆಮಂದಿಗೆ ತಿಳಿಯಪಡಿಸುವರೆಂದೂ ನಾವು ಆಶಿಸುತ್ತೇವೆ.